ಮಹಿಷಾಸುರ ಬರುವುದು ಹಿಂದಿನಿಂದ

(ವಿಶ್ವ ಛಾಯಾಗ್ರಹಣ ದಿನದಂದು ಉಡುಪಿಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಸ್ಟುಡಿಯೊ ನಡೆಸುವವರು, ಪತ್ರಿಕೋದ್ಯಮ ಕಲಿಯುವ ಮಕ್ಕಳು, ಹವ್ಯಾಸಿಗಳು ಎಲ್ಲ ಇದ್ದರು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘಟಕರ ಜಾಣತನ ಮೆಚ್ಚಬೇಕು. ಹೊರಗೆ ವರಾಂಡದಲ್ಲಿ ಕ್ಯಾಮೆರಾ ಮಾರುವವರಿಗೆ ಸ್ಟಾಲ್ ಕೊಟ್ಟಿದ್ದಾರೆ, ಒಳಗೆ ‘ಕ್ಯಾಮೆರಾಕ್ಕಿಂತ ಕೌಶಲ ಮುಖ್ಯ’ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಸ್ಟಾಲಿನವರಿಗೆ ಸಮಾಧಾನವಾಗಲಿ ಅಂತ ಮೊದಲೇ ಹೇಳಿಬಿಡುತ್ತೇನೆ, ಸಾಧನ ಬೇಡವೇ ಬೇಡ ಅಂತ ಹೇಳಲು ನಾನು ಬಂದದ್ದಲ್ಲ. ಹಾಗೆ ಹೇಳುವವರು ಸಾಧಾರಣವಾಗಿ ಎರಡು ಲಕ್ಷದ ಲೆನ್ಸನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೇಳುವುದು.

ಇವತ್ತು ಆಗಸ್ಟ್ 19. 1839ರ ಈ ದಿನ ಲೂಯಿ ದಾಗೇರ್ ಕಂಡುಹಿಡಿದ ವಿಧಾನವನ್ನು ಫ್ರೆಂಚ್ ಸರಕಾರ ಪ್ಯಾರಿಸ್ಸಿನಲ್ಲಿ ಎಲ್ಲರೆದುರು ಬಿಡಿಸಿ ಹೇಳಿ, ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟಿತು. ಇಂಗ್ಲೆಂಡಿನ ಮಟ್ಟಿಗೆ ಮಾತ್ರ ಐದು ದಿನ ಮೊದಲೇ ಪೇಟೆಂಟಿಗೆ ಅರ್ಜಿ ಹಾಕಿಸಿ ಆಗಿತ್ತು. ವ್ಯವಹಾರ ಬಲ್ಲವರು ಆಗಲೂ ಇದ್ದರು. ಏನೇ ಇರಲಿ, ಒಂದು ಯಂತ್ರ ಎಲ್ಲರ ಪಾಲಾದ ದಿನವನ್ನು ನಾವು ಹಬ್ಬ ಮಾಡುತ್ತಿದ್ದೇವೆ. ಈಗಂತೂ ಅದು ನಿಜಕ್ಕೂ ಎಲ್ಲರ ಕೈಯಲ್ಲಿ ಉಂಟು. ಮಲ್ಪೆಯಲ್ಲಿ ಮೀನು ಮಾರುವ ಅಕ್ಕನ ಸೊಂಟದ ಚೀಲದಲ್ಲೂ ಉಂಟು. ಯಂತ್ರ ಎಲ್ಲರಿಗೂ ಸಿಕ್ಕಿದ ಮೇಲೂ ಒಬ್ಬರ ಚಿತ್ರ ನಿಲ್ಲಿಸಿ ನೋಡುವ ಹಾಗೆ ಇರುತ್ತದೆ, ಇನ್ನೊಬ್ಬರದ್ದನ್ನು ಬೆರಳು ತಾನಾಗಿ ಮೇಲಕ್ಕೆ ತಳ್ಳುತ್ತದೆ. ಎಂತಕ್ಕೆ?

ಎಲ್ಲಿ ನಿಲ್ಲಬೇಕು, ಯಾವಾಗ ಒತ್ತಬೇಕು. ನನಗೆ ಕಾಣುವುದು ಈ ಎರಡೇ. ಮತ್ತು ಈ ಎರಡನ್ನೂ ಕಲಿಸುವುದು ಕ್ಯಾಮೆರಾದ ಪುಸ್ತಕವಲ್ಲ. ನೀವು ಯಾವುದರ ಫೋಟೊ ತೆಗೆಯುತ್ತೀರೋ ಅದರ ಒಳಗಿನ ಪರಿಚಯ. ಮೇಲಿಂದ ಮೇಲೆ ಹೇಳಿದರೆ ಇದು ಭಾಷಣ ಆಗುತ್ತದೆ, ಹಾಗಾಗಿ ಯಕ್ಷಗಾನದ ಆಟಕ್ಕೆ ಹೋಗುವ.

ಕಟೀಲು ಮೇಳದ ದೇವಿಮಹಾತ್ಮೆ ನೋಡದವರು ಇಲ್ಲಿ ಇರಲಿಕ್ಕಿಲ್ಲ. ಚಂಡಮುಂಡರು, ರಕ್ತಬೀಜ ಎಲ್ಲ ಇದ್ದರೂ ಜನ ಕಣ್ಣು ಬಿಟ್ಟು ಕಾಯುವುದು ಮಹಿಷಾಸುರನಿಗೆ. ಉಳಿದ ವೇಷಗಳು ಬಣ್ಣ ಹಾಕುವ ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬಂದರೆ ಇವ ಬರುವುದು ಸಭೆಯ ಹಿಂದಿನಿಂದ, ಜನರ ನಡುವೆ ದಾರಿ ಬಿಡಿಸಿಕೊಂಡು. ಆಚೀಚೆ ದೊಂದಿ, ಅಂದರೆ ಪಂಜು. ರಾಳದ ಹುಡಿ ಬಿದ್ದಾಗಲೆಲ್ಲ ಭಗ್ಗನೆ ಏಳುವ ಬೆಂಕಿ. ಆ ಒಂದು ಕ್ಷಣದಲ್ಲಿ ಕೋಡು, ಮುಖದ ಮೇಲೆ ಮುಳ್ಳು ಮುಳ್ಳಾಗಿ ನಿಂತ ಅಕ್ಕಿಹಿಟ್ಟಿನ ಚಿಟ್ಟಿ, ಕೆಂಪಡರಿದ ಕಣ್ಣು ಎಲ್ಲ ಒಟ್ಟಿಗೆ ಬೆಳಗಿ ಮತ್ತೆ ಕತ್ತಲಿಗೆ ಹೋಗುತ್ತವೆ. ಪಕ್ಕದಲ್ಲಿ ಅಮ್ಮನ ಸೆರಗಿನೊಳಗೆ ಮುಖ ಹುಗಿಸಿದ ಮಗು, ಅದರ ಹಿಂದೆ ಶಿಳ್ಳೆ ಹೊಡೆಯುವ ಹುಡುಗರು.

ಈ ಹೊತ್ತಿಗೆ ಪರವೂರಿನಿಂದ ಬಂದ ಫೋಟೋಗ್ರಾಫರು ಎಲ್ಲಿ ಇರುತ್ತಾರೆ? ರಂಗಸ್ಥಳದ ಎದುರು, ಮೊದಲ ಸಾಲಿನಲ್ಲಿ. ಹೊತ್ತಿಗೆ ಮುಂಚೆ ಬಂದು, ಟ್ರೈಪಾಡ್ ಊರಿ, ದೂರದ್ದನ್ನು ಹತ್ತಿರ ಎಳೆದು ತೋರಿಸುವ 70-200 ಮಿ.ಮೀ. ಲೆನ್ಸ್ ಸಿಕ್ಕಿಸಿಕೊಂಡು, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ಕೂತವರು. ಹಿಂದೆ ಗದ್ದಲ ಎದ್ದಾಗ ತಿರುಗಿದರೆ ಕಾಣುವುದು ಎದ್ದು ನಿಂತ ಜನರ ತಲೆ ಮತ್ತು ಎತ್ತಿದ ಕೈಗಳು. ಮಹಿಷ ಹತ್ತಿರವೇ ಬಂದಾಗ 70 ಮಿ.ಮೀ.ಯಲ್ಲಿ ಕೋಡಿನ ತುದಿ ಸಿಕ್ಕಿದರೆ ಗಡ್ಡ ಸಿಗುವುದಿಲ್ಲ. ಅದೇ ದಾರಿಯ ಬದಿಯಲ್ಲಿ ಒಂದು ಗಂಟೆ ಮೊದಲೇ ಹೋಗಿ ಹಗ್ಗಕ್ಕೆ ತಾಗಿ ನಿಂತ ಊರಿನ ಹುಡುಗನ ಕೈಯಲ್ಲಿ ಇರುವುದು ಫೋನ್. ಸಾಧಾರಣ ಫೋನಿನ ಮುಖ್ಯ ಕ್ಯಾಮೆರಾ ನಮ್ಮ ಲೆಕ್ಕದಲ್ಲಿ 24ರಿಂದ 26 ಮಿ.ಮೀ. ಲೆನ್ಸ್ ಇದ್ದ ಹಾಗೆ, ಅಗಲದ ನೋಟ. ಎರಡು ಮಾರು ದೂರದಲ್ಲಿ ಬರುವ ಮಹಿಷನಿಗೆ, ಅವನ ಜೊತೆ ದೊಂದಿ ಹಿಡಿದವನಿಗೆ, ಹೆದರಿದ ಮಗುವಿಗೆ ಬೇಕಾದ ಲೆನ್ಸ್ ಅದೇ.

ಫೋನ್ ಇದ್ದ ಮಾತ್ರಕ್ಕೆ ಆಯಿತು ಅಂತಲೂ ಅಲ್ಲ. ನೈಟ್ ಮೋಡ್ ಹಾಕಿಬಿಟ್ಟರೆ ಫೋನು ಒಂದರ ಮೇಲೊಂದು ಹಲವು ಫ್ರೇಮ್ ತೆಗೆದು ಕೂಡಿಸುತ್ತದೆ. ತೇರು ನಿಂತಿದ್ದರೆ ಅದು ಚೆಂದ. ಕುಣಿಯುತ್ತಾ ಬರುವ ಮಹಿಷ ಮಸಿ ಬಳಿದ ಹಾಗೆ ಆಗುತ್ತಾನೆ. ಅದನ್ನು ಬಂದ್ ಮಾಡಿ, ರಾಳ ಬೀಳುವುದಕ್ಕೆ ಕಾಯಬೇಕು. ಕ್ಯಾಮೆರಾ ಇದ್ದವರಿಗೆ ಬೇರೆ ತೊಂದರೆ. ಆಟೋದಲ್ಲಿ ಇಟ್ಟರೆ ಸುತ್ತಲಿನ ಕತ್ತಲು ನೋಡಿ ಕ್ಯಾಮೆರಾ ಬೆಳಕು ಏರಿಸುತ್ತದೆ, ಮುಖದ ಬಿಳಿ ಪೂರ್ತಿ ಸುಟ್ಟುಹೋಗುತ್ತದೆ. ದೊಂದಿ ಫ್ರೇಮಿನೊಳಗೆ ಬಂದ ಕೂಡಲೇ ಅದೇ ಕ್ಯಾಮೆರಾ ಗಾಬರಿಯಾಗಿ ಎಲ್ಲವನ್ನೂ ಕಪ್ಪು ಮಾಡುತ್ತದೆ. ಮ್ಯಾನುವಲ್‌ಗೆ ಹಾಕಿ. ಎಫ್ 1.8 (ಲೆನ್ಸಿನ ಬಾಯಿಯ ಅಳತೆ), ಶಟರ್ 1/200 ಸೆಕೆಂಡು, ಬೆಳಕಿಗೆ ಸೆನ್ಸರಿನ ಚುರುಕು ಹೇಳುವ ಐಎಸ್‌ಒ 3200ರ ಹತ್ತಿರ ಸುರು ಮಾಡಿ, ದೊಂದಿ ಹಚ್ಚುವ ಜಾಗದಲ್ಲಿ ಅದನ್ನು ಹಿಡಿದವನ ಮುಖಕ್ಕೆ ಒಂದೆರಡು ತೆಗೆದು ನೋಡಿ ಸರಿಮಾಡಿಟ್ಟುಕೊಳ್ಳಿ. ಆಮೇಲೆ ಮುಟ್ಟಬೇಡಿ.

ಇದರಲ್ಲಿ ದುಡ್ಡಿನಿಂದ ಬಂದದ್ದು ಎಷ್ಟು, ಪ್ರಸಂಗ ಗೊತ್ತಿದ್ದುದರಿಂದ ಬಂದದ್ದು ಎಷ್ಟು, ನೀವೇ ಲೆಕ್ಕ ಹಾಕಿ.

ಆಟದ ಮಾತು ಬಂದದ್ದಕ್ಕೆ ಇನ್ನೊಂದು. ಈಗ ರಂಗಸ್ಥಳದಲ್ಲಿ ಎಲ್ಲ ಕಡೆ ಎಲ್‌ಇಡಿ. ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್‌ನಲ್ಲಿ ತೆಗೆದರೆ ಚಿತ್ರದ ತುಂಬ ಅಡ್ಡಡ್ಡ ಪಟ್ಟಿ ಬರುತ್ತದೆ ಅಂತ ಸುಮಾರು ಜನ ನನ್ನ ಹತ್ತಿರ ದೂರು ಹೇಳಿದ್ದಾರೆ. ಒಬ್ಬರಂತೂ ಕ್ಯಾಮೆರಾ ಹಾಳಾಗಿದೆ ಅಂತ ಹೊಸದಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದ್ದರು! ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸಾಲು ಸಾಲಾಗಿ ಓದುವ ಸೆನ್ಸರಿಗೆ ಗೊತ್ತಾಗುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಹಾಕಿ 1/100 ಅಥವಾ 1/50 ಇಟ್ಟರೆ ಒಂದೊಂದು ಮಿಣುಕು ಇಡಿಯಾಗಿ ಒಳಗೆ ಬಂದು ಪಟ್ಟಿ ಹೋಗುತ್ತದೆ. ಕೆಲವು ಬಣ್ಣದ ಲೈಟುಗಳ ಮಿಣುಕು ಬೇರೆಯೇ ಇರುತ್ತದೆ, ಅಲ್ಲಿ ಶಟರನ್ನು ಸ್ವಲ್ಪ ಆಚೀಚೆ ಮಾಡಿ ನೋಡಬೇಕು.

ಆದರೆ 1/100ರಲ್ಲಿ ಕುಣಿಯುವ ವೇಷ ಅಲುಗಾಡುವುದಿಲ್ಲವಾ? ಅಲುಗಾಡುತ್ತದೆ. ಇಲ್ಲಿ ಕಿವಿ ಬೇಕು. ಪದ ಮುಗಿಯುತ್ತಾ ಬಂದಾಗ ಚೆಂಡೆಯವ ಮುಕ್ತಾಯ ನುಡಿಸುತ್ತಾನಲ್ಲ, ಅದರ ಕೊನೆಯ ಪೆಟ್ಟಿಗೆ ವೇಷಧಾರಿ ಒಂದು ನಿಲುವಿನಲ್ಲಿ ನಿಲ್ಲುತ್ತಾನೆ. ಅರ್ಧ ಸೆಕೆಂಡು ಇರಬಹುದು. 1/100ಕ್ಕೆ ಅದು ಧಾರಾಳ ಆಯಿತು. ಕೈ, ಕಣ್ಣು, ಕಿರೀಟದ ಓರೆ ಎಲ್ಲ ಒಂದು ಗೆರೆಗೆ ಬರುವುದೂ ಆಗಲೇ. ಪೆಟ್ಟು ಕೇಳಿದ ಮೇಲೆ ಒತ್ತಿದರೆ ತಡವಾಯಿತು. ಬರುವ ಪೆಟ್ಟನ್ನು ಎಣಿಸಿ ಒತ್ತಬೇಕು. ಸೆಕೆಂಡಿಗೆ 20 ಫ್ರೇಮ್ ತೆಗೆಯುವ ಕ್ಯಾಮೆರಾದಲ್ಲಿ ಒತ್ತಿಯೇ ಹಿಡಿದುಕೊಂಡರೂ ಆದೀತು, ಯಾರು ಬೇಡ ಅಂದರು? ರಾತ್ರಿಯಿಡೀ ಹಾಗೆ ಒತ್ತಿ ಬೆಳಿಗ್ಗೆ ಎಂಟು ಸಾವಿರ ಫೈಲ್ ಎದುರು ಕೂತು ಆರಿಸುವ ಶಿಕ್ಷೆ ಇದೆಯಲ್ಲ, ಅದನ್ನು ಅನುಭವಿಸಿದವರು ತಾಳ ಕಲಿಯುತ್ತಾರೆ.

ಹೋಮಾಯಿ ವ್ಯಾರಾವಾಲಾ ಅವರ ಹೆಸರು ಪತ್ರಿಕೋದ್ಯಮದ ಮಕ್ಕಳಿಗೆ ಗೊತ್ತಿರಬೇಕು. 1913ರಲ್ಲಿ ಹುಟ್ಟಿದವರು, ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, 2011ರಲ್ಲಿ ಪದ್ಮವಿಭೂಷಣ. ಅವರು ಸ್ಪೀಡ್ ಗ್ರಾಫಿಕ್ ಹೊತ್ತುಕೊಂಡು ದಿಲ್ಲಿಯಲ್ಲಿ ಓಡಾಡಿದವರು. ಆ ಕ್ಯಾಮೆರಾದ ಒಂದು ಹೋಲ್ಡರಿನಲ್ಲಿ ಎರಡೇ ಹಾಳೆ ಫಿಲ್ಮು. ಫ್ಲಾಶ್ ಹೊಡೆದರೆ ಬಲ್ಬು ಸುಟ್ಟುಹೋಗುತ್ತದೆ, ಮುಂದಿನದಕ್ಕೆ ಹೊಸ ಬಲ್ಬು ಸಿಕ್ಕಿಸಬೇಕು. ನೆಹರೂ ಯಾವಾಗ ತಲೆ ಎತ್ತುತ್ತಾರೆ, ಯಾರ ಕಡೆ ತಿರುಗುತ್ತಾರೆ ಅಂತ ಮೊದಲೇ ಅಂದಾಜು ಇಲ್ಲದಿದ್ದರೆ ಆ ಯಂತ್ರದಲ್ಲಿ ಎಂತ ಮಾಡಲಿಕ್ಕೂ ಆಗುತ್ತಿರಲಿಲ್ಲ. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ. ಆ ಮಕ್ಕಳು, ಆ ಕೂಲಿಯವರು ಕ್ಯಾಮೆರಾ ಇದೆ ಅಂತಲೇ ಮರೆತ ಹಾಗೆ ಇರುತ್ತಾರೆ. ಅದು ಯಾವ ಲೆನ್ಸು ಅಂತ ನನಗೆ ಕೇಳಬೇಕು ಅನ್ನಿಸಿದ್ದೇ ಇಲ್ಲ. ಆ ಮನುಷ್ಯ ಅಲ್ಲಿ ಎಷ್ಟು ಹೊತ್ತು ಕೂತಿದ್ದಿರಬಹುದು ಅಂತ ಅನ್ನಿಸುತ್ತದೆ.

ಈಗ ಇನ್ನೊಂದು ಪಕ್ಕ. ಸಾಧನ ಬೇಕೇ ಬೇಕಾಗುವ ಕಡೆ ಬೇಕು ಅಂತ ಹೇಳುವ ಧೈರ್ಯವೂ ಇರಬೇಕು.

ಕಂಬಳ ತೆಗೆದುಕೊಳ್ಳಿ. 2020ರಲ್ಲಿ ಐಕಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡುವ ಕೆಸರಿನ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿ ಆಯಿತು. ಭಾಗಿಸಿ ನೋಡಿ, ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್. ಅಂದರೆ 1/60ರಲ್ಲಿ ಶಟರ್ ತೆರೆದು ಮುಚ್ಚುವಷ್ಟರಲ್ಲಿ ಕೋಣ ಒಂದು ಗೇಣಿನಷ್ಟು ಮುಂದೆ ಹೋಗಿರುತ್ತದೆ. 1/500ರಲ್ಲಿ ಎರಡು ಸೆಂಟಿಮೀಟರ್, 1/1000ದಲ್ಲಿ ಒಂದು. ಕೋಣದ ಕಾಲಿನಿಂದ ಚಿಮ್ಮುವ ಕೆಸರು ನೀರಿನ ಹನಿ ಹನಿಯೂ ಗಾಜಿನ ಹಾಗೆ ನಿಲ್ಲಬೇಕು ಅಂದರೆ 1/2000. ಹಗಲಾದರೆ ಯಾವ ಕ್ಯಾಮೆರಾದಲ್ಲೂ ಆಗುತ್ತದೆ. ರಾತ್ರಿ ಫ್ಲಡ್‌ಲೈಟಿನಲ್ಲಿ 1/1000 ಬೇಕು, ದೂರದಿಂದಲೂ ಬೇಕು ಅಂದರೆ ಎಫ್ 2.8ರ ಟೆಲಿ ಲೆನ್ಸು, ಐಎಸ್‌ಒ ಏರಿಸಿದರೂ ತಡೆದುಕೊಳ್ಳುವ ಸೆನ್ಸರು ಬೇಕೇ. ಅಲ್ಲಿ ‘ಕೌಶಲ ಇದ್ದರೆ ಸಾಕು’ ಅಂತ ಹೇಳಿದರೆ ಅದು ಸುಳ್ಳು. ಹಕ್ಕಿಯ ಫೋಟೊಕ್ಕೂ ಹಾಗೆಯೇ. ಕೊಕ್ಕರೆಗೆ ನಮ್ಮ ತತ್ವಜ್ಞಾನ ಗೊತ್ತಿಲ್ಲ, ಹತ್ತಿರ ಹೋದರೆ ಹಾರುತ್ತದೆ.

ಆದರೆ ಆ ಲೆನ್ಸ್ ಇಲ್ಲದವ ರಾತ್ರಿಯ ಕಂಬಳದಲ್ಲಿ ಕ್ಯಾಮೆರಾ ಮಡಚಿ ಚುರುಮುರಿ ತಿನ್ನಬೇಕಾ? ಬೇಡ. 1/30 ಇಡಿ. ಕರೆಯ ಬದಿಯಲ್ಲಿ ಕಾಲು ಅಗಲಿಸಿ ನಿಲ್ಲಿ, ಕೋಣ ನಿಮ್ಮ ಎದುರಿನಿಂದ ಹಾದುಹೋಗುವಾಗ ಸೊಂಟದಿಂದ ಮೇಲಕ್ಕೆ ಇಡೀ ದೇಹವನ್ನು ಅದರ ವೇಗಕ್ಕೇ ತಿರುಗಿಸಿ, ತಿರುಗಿಸುತ್ತಾ ಒತ್ತಿ, ಒತ್ತಿದ ಮೇಲೂ ತಿರುಗಿಸುವುದನ್ನು ನಿಲ್ಲಿಸಬೇಡಿ. ಕೋಣದ ತಲೆ, ಓಟಗಾರನ ಮುಖ ಸ್ಪಷ್ಟ, ಹಿಂದಿನ ಜನ, ಲೈಟು ಎಲ್ಲ ಗೆರೆಗೆರೆ. ಪ್ಯಾನಿಂಗ್ ಅಂತ ಇದಕ್ಕೆ. ಬಹಳಷ್ಟು ಹಾಳಾಗುತ್ತವೆ, ಒಂದೋ ಎರಡೋ ಸಿಗುತ್ತವೆ. 1/2000ದ ಚಿತ್ರದಲ್ಲಿ ಕೋಣ ನಿಂತ ಹಾಗೆ ಕಾಣುತ್ತದೆ, ಇದರಲ್ಲಿ ಓಡುತ್ತದೆ. ನನಗಂತೂ ಎರಡನೆಯದೇ ಇಷ್ಟ.

ಕಂಬಳದಲ್ಲೇ ಕನೆಹಲಗೆ ಅನ್ನುವ ಸ್ಪರ್ಧೆಯಲ್ಲಿ ಬೇರೆ ಲೆಕ್ಕ. ಅಲ್ಲಿ ಗೆಲುವು ವೇಗಕ್ಕಲ್ಲ, ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ಮುಟ್ಟುವುದಕ್ಕೆ. ಇದು ಗೊತ್ತಿಲ್ಲದವರು ಕೋಣವನ್ನೇ ಫ್ರೇಮಿನಲ್ಲಿ ತುಂಬಿಸಿಕೊಂಡು ನಿಶಾನೆಯನ್ನು ಕತ್ತರಿಸಿ ಬರುತ್ತಾರೆ. ಫೋಟೊ ಶಾರ್ಪ್ ಇರುತ್ತದೆ, ಎಂತ ಆಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಮಾತು ಬೇಡ. ನಿಮ್ಮ ಮನೆಯ ದೊಡ್ಡ 4ಕೆ ಟಿವಿಯಲ್ಲಿ ಇರುವುದೇ 83 ಲಕ್ಷ ಚುಕ್ಕಿ, ಅಂದರೆ ಎಂಟು ಚಿಲ್ಲರೆ ಮೆಗಾಪಿಕ್ಸೆಲ್. 12×18 ಇಂಚಿನ ಒಳ್ಳೆಯ ಪ್ರಿಂಟಿಗೆ ಇಪ್ಪತ್ತರ ಒಳಗೆ ಸಾಕು. 45 ಮೆಗಾಪಿಕ್ಸೆಲ್‌ನಲ್ಲಿ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವವರಿಗೆ ನಾನು ಹೇಳುವುದು ಏನೂ ಇಲ್ಲ.

ಬೆಳಕಿನ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ಚಟ ಉಂಟು, ಸೂರ್ಯಾಸ್ತ. ಕಾಪುವಿನ ದೀಪಸ್ತಂಭ 1901ರದ್ದು. ಅದರ ಕಪ್ಪು ಆಕೃತಿಯ ಹಿಂದೆ ಕೆಂಪು ಸೂರ್ಯ ಇರುವ ಚಿತ್ರ ಉಡುಪಿಯಲ್ಲಿ ಪ್ರತಿ ಫೋನಿನಲ್ಲೂ ಇದೆ. ಅದಕ್ಕೆ ಯಾವ ಕ್ಯಾಮೆರಾ ಬಳಸಿದರೂ ಒಂದೇ. ನೀವು ಒಮ್ಮೆ ಸೂರ್ಯನಿಗೆ ಬೆನ್ನು ಹಾಕಿ ನಿಂತು ನೋಡಿ. ಮುಳುಗುವ ಮುಂಚಿನ ಕಾಲು ಗಂಟೆ ಆ ಅರಶಿನ ಬೆಳಕು ನೇರವಾಗಿ ಬೀಳುವುದು ಸಮುದ್ರ ನೋಡುತ್ತಾ ನಿಂತವರ ಮುಖದ ಮೇಲೆ. ಘಟ್ಟದಿಂದ ಬಂದು ಮೊದಲ ಸಲ ಕಡಲು ಕಂಡ ಅಜ್ಜಿ, ಸೀರೆ ಎತ್ತಿ ಹಿಡಿದು ತೆರೆಗೆ ಹೆದರಿ ನಗುವವರು, ಬೋಳು ತಲೆಯ ಮೇಲೆ ಮಿಂಚುವ ಬೆಳಕು. ಸ್ಟುಡಿಯೊದಲ್ಲಿ ಸಾಫ್ಟ್‌ಬಾಕ್ಸ್ ಕಟ್ಟಿ ನಾವು ಪರದಾಡುವ ಬೆಳಕು ಅಲ್ಲಿ ಪುಕ್ಕಟೆ. ನಮ್ಮವರು ಅದಕ್ಕೆ ಬೆನ್ನು ತೋರಿಸಿ ದೀಪಸ್ತಂಭ ತೆಗೆಯುತ್ತಾರೆ.

ಧಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ ಬಗ್ಗೆಯೂ ಒಂದು ಮಾತು. ಮಲ್ಪೆ ಇರಲಿ, ಮಂಗಳೂರಿನ ಧಕ್ಕೆ ಇರಲಿ, ಜೂನ್, ಜುಲೈ ಎರಡು ತಿಂಗಳ ರಜೆ ಮುಗಿದು ಬೋಟುಗಳು ಈಗಷ್ಟೇ ಕಡಲಿಗೆ ಇಳಿದಿವೆ. ಬೆಳಗ್ಗೆ ಏಲಂ ಆಗುವ ಹೊತ್ತಿಗೆ ಕ್ಯಾಮೆರಾ ಹಿಡಿದು ನುಗ್ಗುವ ಗುಂಪುಗಳನ್ನು ಕಾಣುತ್ತೇನೆ. ಅವಸರದಲ್ಲಿ ಇರುವ ಹೆಂಗಸರ ಮುಖಕ್ಕೆ ಲೆನ್ಸ್ ಹಿಡಿಯುವುದು, ಅವರು ಬೈದರೆ ‘ಜನ ಸಹಕಾರ ಕೊಡುವುದಿಲ್ಲ’ ಅನ್ನುವುದು. ಅವರು ಅಲ್ಲಿಗೆ ಬಂದದ್ದು ನಮಗೆ ಪೋಸ್ ಕೊಡಲಿಕ್ಕಾ ಮಾರಾಯ್ರೆ? ಮೊದಲ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಒಂದು ಪಾಲು ಬಂಗುಡೆ ತೆಗೆದುಕೊಳ್ಳಿ, ಇವತ್ತು ಭೂತಾಯಿ ಮೀನಿಗೆ ಎಂತ ರೇಟು ಕೇಳಿ. ಎರಡನೇ ಸಲ ಫೋಟೊ ತೆಗೆಯಿರಿ, ಮೂರನೇ ಸಲ ಹೋದಾಗ ಅದರ ಒಂದು ಪ್ರಿಂಟ್ ಕೊಂಡುಹೋಗಿ ಕೊಡಿ. ಹತ್ತು ರೂಪಾಯಿಯ ಆ ಪ್ರಿಂಟು ಮಾಡುವ ಕೆಲಸವನ್ನು ಯಾವ ಲೆನ್ಸೂ ಮಾಡುವುದಿಲ್ಲ. ಭೂತಕೋಲದಲ್ಲಿ ಇನ್ನೂ ಜಾಗ್ರತೆ ಬೇಕು. ಮನೆಯವರನ್ನು ಕೇಳದೆ ತೆಗೆಯುವುದು ಬೇಡ, ಫ್ಲಾಶ್ ಬೇಡವೇ ಬೇಡ, ಕೆಲವು ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಳಿಸಿ ಸುಮ್ಮನೆ ಕೈಮುಗಿಯಬೇಕು. ಅದೂ ಗೊತ್ತಿರಬೇಕಾದದ್ದೇ.

ಇಷ್ಟು ಸಾಕು, ಪ್ರಶ್ನೆಗಳಿಗೆ ಬರುವ.

(ವಿದ್ಯಾರ್ಥಿನಿಯೊಬ್ಬರು: ಸರ್, ನನ್ನ ಹತ್ತಿರ ಫೋನ್ ಮಾತ್ರ ಇರುವುದು. ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಹೋಗಬಹುದಾ?)

ಧಾರಾಳ ಹೋಗಿ. ಬೆರಳಲ್ಲಿ ಎಳೆದು ಝೂಮ್ ಮಾಡುವುದೊಂದು ಬೇಡ, ಕಾಲಿನಲ್ಲಿ ಹತ್ತಿರ ಹೋಗಿ. ಹಿಂದಿನ ದಿನವೇ ರಥಬೀದಿಗೆ ಹೋಗಿ ಮಡಕೆ ಕಟ್ಟುವ ಗುರ್ಜಿ ಎಲ್ಲೆಲ್ಲಿ ಹಾಕಿದ್ದಾರೆ, ಮಡಕೆ ಯಾವ ಎತ್ತರದಲ್ಲಿ ತೂಗುತ್ತದೆ, ಹಿಂದೆ ಫ್ಲೆಕ್ಸು ಇಲ್ಲದ ಕಡೆ ಯಾವುದು ನೋಡಿಟ್ಟುಕೊಳ್ಳಿ. ಗೊಲ್ಲರು ಕೋಲು ಎತ್ತಿದಾಗ ಒತ್ತಲು ಸುರು ಮಾಡಿದರೆ ಮಡಕೆ ಒಡೆಯುವುದು ಸಿಗುತ್ತದೆ. ನಿಮಗೆ ನಿಜಕ್ಕೂ ಬೇರೆ ಥರದ್ದು ಬೇಕಾದರೆ ಹುಲಿವೇಷಕ್ಕೆ ಬಣ್ಣ ಹಾಕುವ ಜಾಗಕ್ಕೆ ನಸುಕಿನಲ್ಲೇ ಹೋಗಿ. ಬಣ್ಣ ಒಣಗುವವರೆಗೆ ಕೈ ಮೈಗೆ ತಾಗಬಾರದು ಅಂತ ಕೋಲಿಗೆ ಕೈ ಊರಿಕೊಂಡು ಗಂಟೆಗಟ್ಟಲೆ ನಿಂತಿರುತ್ತಾರೆ. ಯಾರೋ ಬಾಯಿಗೆ ಚಹಾ ಹಿಡಿಯುತ್ತಾರೆ. ಅಲ್ಲಿ ಯಾರೂ ಓಡುವುದಿಲ್ಲ, ಫೋನಿಗೆ ಹೇಳಿ ಮಾಡಿಸಿದ ಜಾಗ. ಹೋಗುವ ಮೊದಲು ಅಂಗಿಯ ತುದಿಯಿಂದ ಫೋನಿನ ಲೆನ್ಸ್ ಒಮ್ಮೆ ಒರೆಸಿಕೊಳ್ಳಿ. ಮಂಜು ಮಂಜು ಬರುವುದು ಹೆಚ್ಚಾಗಿ ಎಣ್ಣೆ ಕೈಯಿಂದ.

(ಸ್ಟುಡಿಯೊದವರೊಬ್ಬರು: ನೀವು ಹೇಳುವುದು ಸರಿ, ಆದರೆ ಮದುವೆ ಬುಕ್ ಮಾಡಲು ಬಂದವರು ಮೊದಲು ಕೇಳುವುದೇ ಕ್ಯಾಮೆರಾ ಯಾವುದು ಅಂತ. ಎಂತ ಮಾಡುವುದು?)

ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಗಿರಾಕಿ ಕೇಳಿದ್ದನ್ನು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬಾಡಿಗೆಗೆ ತರಬೇಕು. ಆದರೆ ದುಡ್ಡು ಹಾಕುವುದಿದ್ದರೆ ಯಾವುದಕ್ಕೆ ಅಂತ ಹೇಳಬಲ್ಲೆ. ಮದುವೆಗೆ ಎರಡು ಕಾರ್ಡ್ ಹಾಕುವ ಕ್ಯಾಮೆರಾ ಬೇಕು, ಒಂದರಲ್ಲಿ ಬಿದ್ದದ್ದು ಇನ್ನೊಂದರಲ್ಲೂ ಬೀಳಬೇಕು. ಕಾರ್ಡ್ ಕೈಕೊಟ್ಟಿತು ಅಂತ ಧಾರೆ ಮತ್ತೊಮ್ಮೆ ಎರೆಸಲಿಕ್ಕೆ ಆಗುವುದಿಲ್ಲ. ಅದೇ ಕಾರಣಕ್ಕೆ ಎರಡು ಕ್ಯಾಮೆರಾ ಬಾಡಿ ಬೇಕು. ಇದು ಷೋಕಿಯಲ್ಲ, ಜವಾಬ್ದಾರಿ. ಅದರ ಮೇಲೆ ಒಂದು 50 ಮಿ.ಮೀ. ಎಫ್ 1.8. ಹೆಚ್ಚಿನ ಕಂಪೆನಿಗಳ ಅಗ್ಗದ ಲೆನ್ಸುಗಳಲ್ಲಿ ಅದೊಂದು. ಮದುವೆ ಹಾಲ್‌ನ ಮಬ್ಬು ಬೆಳಕಿನಲ್ಲಿ, ಅಪ್ಪ ಮಗಳ ಕೈ ಹಿಡಿದುಕೊಡುವಾಗ ಅದು ಕೊಡುವ ಮುಖವನ್ನು ಆಲ್ಬಮ್ಮಿನ ಮೊದಲ ಪುಟಕ್ಕೆ ಹಾಕಿ. ಮುಂದಿನ ಗಿರಾಕಿಗೆ ಮೊದಲು ಆಲ್ಬಂ ಕೊಡಿ, ಆಮೇಲೆ ರೇಟು ಹೇಳಿ. ಪುಟ ತಿರುಗಿಸುವಾಗ ಕ್ಯಾಮೆರಾದ ಪ್ರಶ್ನೆಯನ್ನು ಸುಮಾರು ಜನ ಮರೆಯುತ್ತಾರೆ, ಎಲ್ಲರೂ ಅಲ್ಲ.

(ಇನ್ನೊಬ್ಬರು: ಈ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರುತ್ತದೆ. ಏನಾದರೂ ಉಪಾಯ?)

ಇಡೀ ದಿನದಲ್ಲಿ ಅತಿ ಉಪಯುಕ್ತ ಪ್ರಶ್ನೆ ಇದು. ಬಟ್ಟೆಯ ಬ್ಯಾಗಿನಲ್ಲೋ ಚರ್ಮದ ಕೇಸಿನಲ್ಲೋ ಲೆನ್ಸ್ ಇಡಬೇಡಿ, ಅವೆರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಗಾಳಿಯಾಡದ ಹಾಗೆ ಮುಚ್ಚುವ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರು. ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. ತೀರಾ ಒಣಗಿಸಿದರೂ ಒಳಗಿನ ಗ್ರೀಸ್, ರಬ್ಬರಿಗೆ ಒಳ್ಳೆಯದಲ್ಲ. ನೀಲಿ ಜೆಲ್ ನಸುಗೆಂಪಾದರೆ ಬಾಣಲೆಯಲ್ಲಿ ಸಣ್ಣ ಬೆಂಕಿಯಲ್ಲಿ ಬಿಸಿ ಮಾಡಿ, ನೀಲಿ ಬಂದ ಮೇಲೆ ತಣಿಸಿ ಮತ್ತೆ ಹಾಕಿ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಬೇಡ, ನೀಲಿ ಬಣ್ಣಕ್ಕೆ ಹಾಕಿದ ಕೋಬಾಲ್ಟ್ ಒಳ್ಳೆಯದಲ್ಲ. ಕಡಲ ಬದಿಗೆ ಹೋಗಿ ಬಂದ ದಿನ ಒದ್ದೆ ಬಟ್ಟೆ ಹಿಂಡಿ ಬಾಡಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಮತ್ತೆ, ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರಗೆ ತೆಗೆದು ಏನಾದರೂ ಫೋಟೊ ತೆಗೆಯಿರಿ. ನಮ್ಮೂರಲ್ಲಿ ಫಂಗಸ್ ಹೆಚ್ಚು ಹಿಡಿಯುವುದು ಕಪಾಟಿನಲ್ಲಿ ಜೋಪಾನವಾಗಿ ಇಟ್ಟ ಲೆನ್ಸಿಗೆ.